ಪಠ್ಯದಿಂದ ಹೋದ ಕಣ್ಣು–ಕಿವಿಯ ಪಾಠವನ್ನು ನಾವೇ ಕಲಿಯೋಣ

ಪ್ರಥಮ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಈಗ ಕಣ್ಣು, ಕಿವಿಯ ಪಾಠ ಇಲ್ಲ. ನಾವು ಓದುವುದು ಎನ್‌ಸಿಇಆರ್‌ಟಿ ಪುಸ್ತಕ. ಕೋವಿಡ್ ನಂತರ, ವಿದ್ಯಾರ್ಥಿಗಳ ಹೊರೆ ಇಳಿಸಬೇಕೆಂದು 2022ರಲ್ಲಿ ಆ ಪುಸ್ತಕಗಳನ್ನು ಪರಿಷ್ಕರಿಸಿದಾಗ ನರಮಂಡಲದ ಅಧ್ಯಾಯದ ಕೊನೆಯ ಎರಡು ಭಾಗಗಳನ್ನು ಕೈಬಿಟ್ಟರು. ಒಂದು ಪರಾವರ್ತಿತ ಪ್ರತಿಕ್ರಿಯೆ, ಇನ್ನೊಂದು ಜ್ಞಾನೇಂದ್ರಿಯಗಳು. ನೀಟ್ ಪಠ್ಯಕ್ರಮದಿಂದಲೂ ಅವು ಹೋಗಿವೆ. ಸೀನಿಯರ್‌ಗಳಿಂದ ಹಳೆಯ ಪುಸ್ತಕ ಪಡೆದವರ ಬಳಿ ಆ ಪುಟಗಳು ಇರಬಹುದು. ಹೊಸ ಪುಸ್ತಕ ಕೊಂಡವರಿಗೆ ನರಕೋಶ ಗೊತ್ತು, ಸಿನಾಪ್ಸ್ ಗೊತ್ತು, ಮಿದುಳಿನ ಭಾಗಗಳ ಹೆಸರು ಗೊತ್ತು. ಆ ಮಿದುಳಿಗೆ ಹೊರಗಿನ ಸುದ್ದಿ ಹೇಗೆ ಬರುತ್ತದೆ, ಬಂದ ಸುದ್ದಿಯನ್ನು ಅದು ಏನು ಮಾಡುತ್ತದೆ ಎಂಬುದು ಮಾತ್ರ ಪುಸ್ತಕದಲ್ಲಿಲ್ಲ.

"ಓದುವುದು ಕಡಿಮೆಯಾಯಿತಲ್ಲ, ಒಳ್ಳೆಯದೇ ಆಯಿತು" ಎನ್ನುವ ಗೆಳೆಯರು ಬಹಳ ಮಂದಿ. ಪರೀಕ್ಷೆಯ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಈ ಪಾಠ ಪರೀಕ್ಷೆಗಿಂತ ಹೆಚ್ಚಾಗಿ ಬದುಕಿಗೆ ಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಹಿರಿಯರು ರಾತ್ರಿ ಬೀಳುವುದು, ಬಸ್ಸಿನಲ್ಲಿ ವಾಂತಿಯಾಗುವುದು, ಕೊನೆಯ ಬೆಂಚಿನವರಿಗೆ ಪಾಠ ಅರ್ಥವಾಗದಿರುವುದು, ಇಯರ್‌ಫೋನ್ ಹಾಕಿಕೊಂಡು ರಸ್ತೆ ದಾಟುವವರಿಗೆ ಅಪಾಯವಾಗುವುದು, ಇವೆಲ್ಲಕ್ಕೂ ಈ ಪಾಠದಲ್ಲಿ ಉತ್ತರವಿದೆ. ಆದ್ದರಿಂದ ಸರ್ಕಾರ ಅದನ್ನು ಪುಸ್ತಕಕ್ಕೆ ಮರಳಿ ತರುವವರೆಗೆ ಕಾಯದೆ, ನಮ್ಮ ಕಾಲೇಜಿನಲ್ಲಿ ನಾವೇ ಅದನ್ನು ಕಲಿಯಬೇಕು, ವಿಜ್ಞಾನದವರು ಮಾತ್ರವಲ್ಲ, ಕಲೆ ಮತ್ತು ವಾಣಿಜ್ಯ ವಿಭಾಗದವರೂ ಜೊತೆಗೆ ಕಲಿಯಬೇಕು ಎಂದು ಕೇಳಿಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ.

ಒಂದಕ್ಕೊಂದು ಆಸರೆ

ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲ ಪಂಚೇಂದ್ರಿಯಗಳ ಹೆಸರು ಬಾಯಿಪಾಠ ಮಾಡಿದ್ದೇವೆ. ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ಮೂಗು ಮೂಸುತ್ತದೆ, ನಾಲಿಗೆ ರುಚಿ ನೋಡುತ್ತದೆ, ಚರ್ಮ ಮುಟ್ಟಿದ್ದನ್ನು ತಿಳಿಯುತ್ತದೆ. ಒಂದೊಂದಕ್ಕೆ ಒಂದೊಂದು ಕೆಲಸ. ಹಳೆಯ ಪಿಯುಸಿ ಪುಸ್ತಕದಲ್ಲೂ ಕಣ್ಣಿನ ಚಿತ್ರ ಒಂದು ಪುಟದಲ್ಲಿ, ಕಿವಿಯ ಚಿತ್ರ ಇನ್ನೊಂದು ಪುಟದಲ್ಲಿ ಇತ್ತು. ಈ ಎರಡೂ ಸೇರಿ ಏನು ಮಾಡುತ್ತವೆ ಎಂಬುದು ಆಗಲೂ ಇರಲಿಲ್ಲ. ವಿಜ್ಞಾನಿಗಳು ಕಳೆದ ಕೆಲವು ದಶಕಗಳಿಂದ ಹೆಚ್ಚು ಕೆಲಸ ಮಾಡಿರುವುದು ಆ ಸೇರುವಿಕೆಯ ಮೇಲೆಯೇ.

ಒಂದು ಸಣ್ಣ ಪ್ರಯೋಗ. ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲಿ. ಕಣ್ಣು ತೆರೆದಿದ್ದಾಗ ಅರ್ಧ ನಿಮಿಷ ಸುಲಭವಾಗಿ ನಿಲ್ಲಬಹುದು. ಈಗ ಕಣ್ಣು ಮುಚ್ಚಿ ನಿಲ್ಲಿ. ಕೆಲವೇ ಸೆಕೆಂಡಿನಲ್ಲಿ ದೇಹ ವಾಲುತ್ತದೆ, ಕಾಲು ನೆಲ ಮುಟ್ಟುತ್ತದೆ. ನಿಂತಿರುವುದು ಕಾಲಿನ ಮೇಲೆ, ಮುಚ್ಚಿದ್ದು ಕಣ್ಣು. ಹಾಗಾದರೆ ಕಣ್ಣಿಗೂ ನಿಲ್ಲುವುದಕ್ಕೂ ಏನು ಸಂಬಂಧ?

ದೇಹದ ಸಮತೋಲನಕ್ಕೆ ಮಿದುಳು ಮೂರು ಕಡೆಯಿಂದ ಸುದ್ದಿ ತರಿಸಿಕೊಳ್ಳುತ್ತದೆ. ಕಣ್ಣಿನಿಂದ ಒಂದು. ಒಳಗಿವಿಯಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ಮತ್ತು ಅವುಗಳ ಬುಡದ ಚಿಕ್ಕ ಚೀಲಗಳಿಂದ ಇನ್ನೊಂದು. ಪಾದದ ಚರ್ಮ, ಸ್ನಾಯು, ಕೀಲುಗಳಿಂದ ಮೂರನೆಯದು. ಮೂರೂ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು "ನೀನು ನೆಟ್ಟಗೆ ನಿಂತಿದ್ದೀಯೆ" ಎಂದು ತೀರ್ಮಾನಿಸುತ್ತದೆ. ಒಂದನ್ನು ತೆಗೆದರೆ ಉಳಿದ ಎರಡರ ಮೇಲೆ ಭಾರ ಬೀಳುತ್ತದೆ. 19ನೇ ಶತಮಾನದ ಜರ್ಮನ್ ವೈದ್ಯ ರೊಂಬರ್ಗ್ ಅವರ ಹೆಸರಿನಲ್ಲಿ ಇಂದಿಗೂ ಆಸ್ಪತ್ರೆಗಳಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ರೋಗಿಯನ್ನು ಎರಡೂ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುತ್ತಾರೆ. ಕಣ್ಣು ಮುಚ್ಚಿದ ಕೂಡಲೇ ವಾಲಿದರೆ, ಕಾಲಿನಿಂದ ಅಥವಾ ಒಳಗಿವಿಯಿಂದ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ, ಇಷ್ಟು ದಿನ ಕಣ್ಣು ಆ ಕೊರತೆಯನ್ನು ತುಂಬುತ್ತಿತ್ತು ಎಂದು ಅರ್ಥ.

ಇದನ್ನು ನಮ್ಮ ಮನೆಗಳಿಗೆ ತನ್ನಿ. ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಅನೇಕ ಹಿರಿಯರಿಗೆ ಪಾದದ ಸ್ಪರ್ಶ ಕುಂದಿರುತ್ತದೆ. ವಯಸ್ಸಾದಂತೆ ಒಳಗಿವಿಯ ಶಕ್ತಿಯೂ ಕಡಿಮೆಯಾಗುತ್ತದೆ. ಹಗಲಿನಲ್ಲಿ ಅವರು ಕಣ್ಣಿನ ಆಸರೆಯಿಂದ ಚೆನ್ನಾಗಿಯೇ ನಡೆದಾಡುತ್ತಾರೆ. ಅದೇ ದಾದಿಯೋ ಅಜ್ಜಿಯೋ ಫಜ್ರ್ ನಮಾಝಿಗೆ ವುಝೂ ಮಾಡಲು ಕತ್ತಲಲ್ಲಿ ಎದ್ದರೆ, ಉಳಿದಿದ್ದ ಒಂದು ಆಸರೆಯೂ ಇಲ್ಲವಾಗುತ್ತದೆ. ಬಿದ್ದಾಗ ನಾವು "ಕಾಲು ಜಾರಿತು" ಎನ್ನುತ್ತೇವೆ. ಅಲ್ಲಿ ಬೇಕಾಗಿದ್ದದ್ದು ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಬಲ್ಬು. ಈ ಪಾಠ ಕಲಿತ ಹುಡುಗ ಹುಡುಗಿಯರು ಅಂದೇ ಮನೆಗೆ ಹೋಗಿ ಆ ಬಲ್ಬು ಹಾಕುತ್ತಾರೆ. ಪಠ್ಯದಿಂದ ಇದಕ್ಕಿಂತ ಹೆಚ್ಚಿನ ಉಪಯೋಗ ಏನು ಬೇಕು?

ಶಿರಾಡಿ ಘಾಟಿಯಿಂದ ವಿಮಾನದವರೆಗೆ

ಇಂದ್ರಿಯಗಳು ಒಂದೇ ಮಾತು ಹೇಳಿದರೆ ಮಿದುಳಿಗೆ ಸಮಸ್ಯೆ ಇಲ್ಲ. ಬೇರೆ ಬೇರೆ ಹೇಳಿದರೆ? ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ ಎಷ್ಟು ಜನ ಕಿಟಕಿಗೆ ತಲೆ ಕೊಡುತ್ತಾರೆ ಎಂಬುದನ್ನು ಹಾಸನದವರಿಗೆ ಹೇಳಬೇಕಾಗಿಲ್ಲ. ಊಟ ಹೆಚ್ಚಾಯಿತು, ಡೀಸೆಲ್ ವಾಸನೆ ಆಗಲಿಲ್ಲ ಎಂದು ಕಾರಣ ಕೊಡುತ್ತೇವೆ. ಮುಖ್ಯ ಕಾರಣ ಬೇರೆ ಎನ್ನುತ್ತದೆ ವಿಜ್ಞಾನ. ಮೊಬೈಲ್ ನೋಡುತ್ತಾ ಕುಳಿತವರ ಕಣ್ಣು "ಏನೂ ಅಲುಗುತ್ತಿಲ್ಲ" ಎನ್ನುತ್ತದೆ. ಒಳಗಿವಿ "ಎಡಕ್ಕೆ ತಿರುಗಿದೆವು, ಬಲಕ್ಕೆ ತಿರುಗಿದೆವು" ಎನ್ನುತ್ತದೆ. ಈ ಜಗಳವೇ ಪ್ರಯಾಣದ ವಾಂತಿಗೆ ಕಾರಣ ಎಂಬ ವಿವರಣೆಯನ್ನು ಇಂದು ಹೆಚ್ಚಿನ ತಜ್ಞರು ಒಪ್ಪುತ್ತಾರೆ. ಮೊಬೈಲ್ ಒಳಗಿಟ್ಟು, ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆ ನೋಡಿದರೆ ಸಂಕಟ ಕಡಿಮೆಯಾಗುವುದು ಇದಕ್ಕೇ. ಡ್ರೈವರ್‌ಗೆ ವಾಂತಿಯಾಗುವುದು ಅಪರೂಪ, ಏಕೆಂದರೆ ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು.

ಇದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ. 1950ರ ದಶಕದ ಕೊನೆಯಿಂದ ಅಮೆರಿಕದ ನೌಕಾಪಡೆ ಮತ್ತು ನಾಸಾ, ಗ್ಯಾಲೊಡೆಟ್ ಕಾಲೇಜಿನ 11 ಮಂದಿ ಕಿವುಡ ಪುರುಷರ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆಸಿದವು. ಅವರಲ್ಲಿ 10 ಮಂದಿಗೆ ಚಿಕ್ಕಂದಿನಲ್ಲಿ ಬಂದ ಮಿದುಳು ಜ್ವರದಿಂದ ಒಳಗಿವಿ ಪೂರ್ತಿ ಹಾಳಾಗಿತ್ತು. ಅಬ್ಬರದ ಸಮುದ್ರದಲ್ಲಿ ಹಡಗು ಹೊಯ್ದಾಡುವಾಗ ಅವರು ಆರಾಮಾಗಿ ಇಸ್ಪೀಟು ಆಡುತ್ತಿದ್ದರು. ಅವರನ್ನು ಪರೀಕ್ಷಿಸಲು ಹೋದ ವಿಜ್ಞಾನಿಗಳೇ ವಾಂತಿ ಮಾಡಿಕೊಂಡು ಮಲಗಿದರು! ಜಗಳವಾಡಲು ಒಳಗಿವಿಯೇ ಇಲ್ಲದಿದ್ದರೆ ಸಂಕಟವೂ ಇಲ್ಲ. ಸಮಾಜ ಕೊರತೆ ಎಂದು ಕರೆದದ್ದರಿಂದಲೇ ಬಾಹ್ಯಾಕಾಶ ವಿಜ್ಞಾನಕ್ಕೆ ದೊಡ್ಡ ಸಹಾಯವಾಯಿತು ಎಂಬುದನ್ನೂ ನಾವು ನೆನಪಿಡಬೇಕು.

ನಮ್ಮ ಬೂವನಹಳ್ಳಿಯ ವಿಮಾನ ನಿಲ್ದಾಣದ ಸುದ್ದಿ ಕೇಳುತ್ತಲೇ ನಾವು ಬೆಳೆದಿದ್ದೇವೆ. ಜಮೀನಿನ ಮಾತು, ಕೆಲಸದ ಮಾತು, ಊರಿಗೆ ಬರುವ ಬೆಲೆಯ ಮಾತು ಎಲ್ಲರ ಬಾಯಲ್ಲೂ ಇದೆ. ಆ ವಿಮಾನ ನಡೆಸುವವರ ಕಿವಿಯೊಳಗೆ ಏನಾಗುತ್ತದೆ ಎಂಬುದನ್ನೂ ಸ್ವಲ್ಪ ಮಾತಾಡೋಣ. ಒಳಗಿವಿಯ ನಾಳಗಳಲ್ಲಿ ದ್ರವ ಇದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಅಲ್ಲಿನ ರೋಮಕೋಶಗಳು ಬಾಗುತ್ತವೆ, ಮಿದುಳಿಗೆ "ತಿರುಗುತ್ತಿದ್ದೇವೆ" ಎಂಬ ಸುದ್ದಿ ಹೋಗುತ್ತದೆ. ಆದರೆ ವಿಮಾನ ಒಂದೇ ವೇಗದಲ್ಲಿ ಸುಮಾರು 20 ಸೆಕೆಂಡ್ ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗ ಹಿಡಿಯುತ್ತದೆ. ಆಗ ಒಳಗಿವಿ "ನೇರ ಹೋಗುತ್ತಿದ್ದೇವೆ" ಎಂದು ಹೇಳಿಬಿಡುತ್ತದೆ. ನಿಜವಾಗಿ ನೇರಕ್ಕೆ ತಂದಾಗ "ಎದುರು ದಿಕ್ಕಿಗೆ ತಿರುಗಿದೆವು" ಎನ್ನುತ್ತದೆ. ಹಗಲಲ್ಲಿ ದಿಗಂತ ಕಾಣುವಾಗ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದೊಳಗೆ, ಕತ್ತಲಲ್ಲಿ ತಿದ್ದುವವರು ಯಾರೂ ಇಲ್ಲ.

1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ತಾವೇ ನಡೆಸುತ್ತಿದ್ದ ಚಿಕ್ಕ ವಿಮಾನ ಸಮುದ್ರಕ್ಕೆ ಬಿದ್ದು, ಅವರೂ ಅವರ ಜೊತೆಗಿದ್ದ ಇಬ್ಬರೂ ತೀರಿಕೊಂಡರು. ಕತ್ತಲು ಮತ್ತು ಮಬ್ಬಿನಲ್ಲಿ ಪೈಲಟ್‌ಗೆ ಮೇಲು ಕೆಳಗಿನ ಅರಿವು ತಪ್ಪಿದ್ದೇ ಕಾರಣ ಎಂದು ಅಲ್ಲಿನ ತನಿಖಾ ಸಂಸ್ಥೆ ಹೇಳಿತು. ಇಂಥ ಅವಘಡ ತಪ್ಪಿಸಲು ಪೈಲಟ್‌ಗಳಿಗೆ ಕಲಿಸುವ ಮೊದಲ ಪಾಠ, ನಿನ್ನ ದೇಹ ಹೇಳುವುದನ್ನು ಬಿಟ್ಟು ಮುಂದಿರುವ ಮೀಟರ್‌ಗಳನ್ನು ನಂಬು ಎಂಬುದು. ಬೆಂಗಳೂರಿನಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ 1957ರಿಂದ ಇದೆ. ಅಲ್ಲಿ ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ ಈ ಭ್ರಮೆಯನ್ನು ಬೇಕೆಂದೇ ಉಂಟುಮಾಡಿ ತೋರಿಸುತ್ತಾರೆ. ಗಗನಯಾನಕ್ಕೆ ಆಯ್ಕೆಯಾದವರ ಪರೀಕ್ಷೆಗಳೂ ಅಲ್ಲೇ ನಡೆದವು. ಇಸ್ರೋದ ಉಪಗ್ರಹಗಳನ್ನು ನಿಯಂತ್ರಿಸುವ ಎಂಸಿಎಫ್ ನಮ್ಮ ಹಾಸನದಲ್ಲೇ ಇದೆ. ಉಪಗ್ರಹಕ್ಕೆ ದಿಕ್ಕು ತಿಳಿಯಲು ಸೆನ್ಸರ್‌ಗಳು ಬೇಕಾದಂತೆ ಮನುಷ್ಯನಿಗೂ ಬೇಕು. ಎರಡು ಸೆನ್ಸರ್ ಬೇರೆ ಬೇರೆ ಹೇಳಿದಾಗ ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಇಬ್ಬರಿಗೂ ಒಂದೇ.

ಮಿದುಳು ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ರೀತಿಯನ್ನು ಮಾರ್ಕ್ ಅರ್ನ್ಸ್ಟ್ ಮತ್ತು ಮಾರ್ಟಿನ್ ಬ್ಯಾಂಕ್ಸ್ 2002ರಲ್ಲಿ ಅಳೆದು ತೋರಿಸಿದರು. ಒಂದು ವಸ್ತುವಿನ ಎತ್ತರವನ್ನು ಜನ ಕಣ್ಣಿನಿಂದಲೂ ಬೆರಳಿನಿಂದಲೂ ಒಟ್ಟಿಗೆ ಅಂದಾಜು ಮಾಡಬೇಕಿತ್ತು. ಚಿತ್ರ ಸ್ಪಷ್ಟವಾಗಿದ್ದಾಗ ಮಿದುಳು ಕಣ್ಣಿನ ಮಾತಿಗೆ ಹೆಚ್ಚು ತೂಕ ಕೊಟ್ಟಿತು. ಚಿತ್ರವನ್ನು ಮಸುಕು ಮಾಡುತ್ತಾ ಹೋದಂತೆ ಬೆರಳಿನ ಮಾತಿಗೆ ತೂಕ ಹೆಚ್ಚಿತು. ಹದೀಸ್ ವಿದ್ವಾಂಸರು ಪ್ರತಿ ವರದಿಗಾರನ ನಂಬಿಕಾರ್ಹತೆಯನ್ನು ತೂಗಿ ನೋಡುವಂತೆ, ಮಿದುಳು ಪ್ರತಿ ಇಂದ್ರಿಯದ ಖಚಿತತೆಯನ್ನು ತೂಗುತ್ತದೆ. ವ್ಯತ್ಯಾಸ ಒಂದೇ. ವಿದ್ವಾಂಸರು ತಮ್ಮ ತೀರ್ಮಾನಕ್ಕೆ ಕಾರಣ ಬರೆದಿಡುತ್ತಾರೆ. ಮಿದುಳು ನಮಗೆ ಕಾರಣ ಹೇಳುವುದೇ ಇಲ್ಲ, ತೀರ್ಪು ಮಾತ್ರ ಕೊಡುತ್ತದೆ. ಆದ್ದರಿಂದಲೇ ತಪ್ಪು ತೀರ್ಪೂ ನಮಗೆ ಪೂರ್ತಿ ನಿಜವೆಂದೇ ಅನ್ನಿಸುತ್ತದೆ.

ಬಾಯಿ ನೋಡಿ ಕೇಳುವ ಕಿವಿ

ಈಗ ನಮ್ಮ ತರಗತಿಗೆ ಬರೋಣ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಸಂಶೋಧಕರು ಇಂಗ್ಲೆಂಡಿನಲ್ಲಿ ಒಂದು ಫಿಲ್ಮ್ ಮಾಡಿದರು. ಅದರಲ್ಲಿ ಹೆಂಗಸೊಬ್ಬರ ಬಾಯಿ "ಗ" ಎನ್ನುತ್ತದೆ, ಧ್ವನಿ ಮಾತ್ರ "ಬ" ಎಂದು ಜೋಡಿಸಿದ್ದಾರೆ. ನೋಡಿದ ಹೆಚ್ಚಿನವರಿಗೆ ಕೇಳಿಸಿದ್ದು "ಬ"ವೂ ಅಲ್ಲ, "ಗ"ವೂ ಅಲ್ಲ, "ದ". ಕಣ್ಣು ಮುಚ್ಚಿದರೆ ಮತ್ತೆ "ಬ". ವಿಷಯ ಗೊತ್ತಿದ್ದರೂ ಅನೇಕರಿಗೆ ಹಾಗೇ ಕೇಳಿಸುತ್ತದೆ.

ಕನ್ನಡ ವರ್ಣಮಾಲೆ ಕಲಿತ ನಮಗೆ ಇದು ಇಂಗ್ಲಿಷಿನವರಿಗಿಂತ ಬೇಗ ಅರ್ಥವಾಗಬೇಕು. "ಬ" ಓಷ್ಠ್ಯ, ತುಟಿಯಲ್ಲಿ ಹುಟ್ಟುತ್ತದೆ. "ಗ" ಕಂಠ್ಯ, ಗಂಟಲ ಕಡೆ ಹುಟ್ಟುತ್ತದೆ. "ದ" ದಂತ್ಯ, ಅವೆರಡರ ನಡುವೆ ಹುಟ್ಟುತ್ತದೆ. ಕಿವಿ ತುಟಿ ಎನ್ನುತ್ತದೆ, ಕಣ್ಣು ಗಂಟಲು ಎನ್ನುತ್ತದೆ, ಮಿದುಳು ನಡುವಿನ ಜಾಗದಲ್ಲಿ ರಾಜಿ ಮಾಡಿಸುತ್ತದೆ. ಮದರಸಾದಲ್ಲಿ ತಜ್ವೀದ್ ಕಲಿತವರಿಗೂ ಇದು ಹೊಸದಲ್ಲ. ಪ್ರತಿ ಅಕ್ಷರದ ಮಖ್ರಜ್ ಯಾವುದು, ನಾಲಿಗೆ ಎಲ್ಲಿ ತಾಗಬೇಕು ಎಂದು ಉಸ್ತಾದರು ತಮ್ಮ ಬಾಯಿ ತೋರಿಸಿಯೇ ಕಲಿಸುತ್ತಾರೆ. ಕೇಳಿ ಕಲಿಯುವುದು ಮತ್ತು ನೋಡಿ ಕಲಿಯುವುದು ಅಲ್ಲಿ ಒಂದೇ ಕೆಲಸ.

ಗದ್ದಲ ಹೆಚ್ಚಿದಷ್ಟೂ ಮುಖ ನೋಡುವುದರ ಸಹಾಯ ಹೆಚ್ಚುತ್ತದೆ ಎಂದು 1954ರಲ್ಲೇ ಸಂಬಿ ಮತ್ತು ಪೊಲ್ಲಾಕ್ ಎಂಬ ಸಂಶೋಧಕರು ತೋರಿಸಿದ್ದರು. ನಮ್ಮ ತರಗತಿಗಳಲ್ಲಿ ಗದ್ದಲಕ್ಕೆ ಬರವಿಲ್ಲ. ಮೇಲೆ ಫ್ಯಾನು, ಹೊರಗೆ ವಾಹನಗಳ ಹಾರ್ನು, ಪಕ್ಕದ ತರಗತಿಯ ಪಾಠ. ಉಪನ್ಯಾಸಕರು ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ವಿವರಿಸಿದಾಗ ಕೊನೆಯ ಬೆಂಚಿಗೆ ಧ್ವನಿಯೂ ಕಡಿಮೆ, ಮುಖವೂ ಇಲ್ಲ. ಕಿವಿ ಸ್ವಲ್ಪ ಮಂದವಿರುವ ವಿದ್ಯಾರ್ಥಿಗೆ ಆಗ ಏನೂ ಸಿಗುವುದಿಲ್ಲ. ಅಂಥವರು ಹೇಳಿಕೊಳ್ಳಲು ನಾಚಿ ಸುಮ್ಮನೆ ಕೂರುತ್ತಾರೆ. ನಾವು ಅವರನ್ನು ದಡ್ಡರು, ಗಮನ ಕೊಡದವರು ಎಂದುಕೊಳ್ಳುತ್ತೇವೆ. ನಮ್ಮ ಉಪನ್ಯಾಸಕರಲ್ಲಿ ಗೌರವದಿಂದ ಒಂದು ವಿನಂತಿ. ಮೊದಲು ಬರೆಯಿರಿ, ಆಮೇಲೆ ನಮ್ಮ ಕಡೆ ತಿರುಗಿ ಹೇಳಿ. ಸಹಪಾಠಿಗಳಲ್ಲೂ ಒಂದು ವಿನಂತಿ. ಕೇಳಿಸದವರು ಮುಂದಿನ ಬೆಂಚು ಕೇಳಿದರೆ ಕಾರಣ ಕೇಳದೆ ಬಿಟ್ಟುಕೊಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ರಸ್ತೆಯ ಮಾತೂ ಇದಕ್ಕೇ ಸೇರಿದೆ. ಮಧ್ಯ ಮಿದುಳಿನ ಹಿಂಭಾಗದಲ್ಲಿ ನಾಲ್ಕು ಉಬ್ಬುಗಳಿವೆ, ಅವುಗಳ ಹೆಸರು ಕಾರ್ಪೊರಾ ಕ್ವಾಡ್ರಿಜೆಮಿನ ಎಂದು ನಮ್ಮ ಪುಸ್ತಕದಲ್ಲಿ ಈಗಲೂ ಇದೆ. ಒಂದು ಅಂಕದ ಪ್ರಶ್ನೆಗೆ ಅದನ್ನು ಓದಿಕೊಳ್ಳುತ್ತೇವೆ. ಅವು ಏನು ಮಾಡುತ್ತವೆ? 1980ರ ದಶಕದಲ್ಲಿ ಅಲೆಕ್ಸ್ ಮೆರೆಡಿತ್ ಮತ್ತು ಬ್ಯಾರಿ ಸ್ಟೀನ್ ಬೆಕ್ಕುಗಳ ಮಿದುಳಿನಲ್ಲಿ, ಆ ನಾಲ್ಕರಲ್ಲಿ ಮೇಲಿನ ಎರಡು ಉಬ್ಬುಗಳ ಒಂದೊಂದೇ ನರಕೋಶವನ್ನು ಪರೀಕ್ಷಿಸಿದರು. ಬೆಳಕಿಗೂ ಶಬ್ದಕ್ಕೂ ಎರಡಕ್ಕೂ ಸ್ಪಂದಿಸುವ ಕೋಶಗಳು ಅಲ್ಲಿ ಸಿಕ್ಕವು. ಬೆಳಕು ಮತ್ತು ಶಬ್ದ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಬಂದರೆ ಆ ಕೋಶಗಳ ಸ್ಪಂದನೆ ಒಂದೊಂದಕ್ಕೆ ಬಂದ ಸ್ಪಂದನೆಗಿಂತ ಬಹಳ ಜೋರಾಗಿತ್ತು. ಎಷ್ಟೋ ಸಲ ಎರಡನ್ನೂ ಕೂಡಿಸಿದ್ದಕ್ಕಿಂತಲೂ ಹೆಚ್ಚಿತ್ತು. ಕಣ್ಣನ್ನೂ ತಲೆಯನ್ನೂ ಸದ್ದು ಬಂದ ಕಡೆಗೆ ತಟ್ಟನೆ ತಿರುಗಿಸುವುದರಲ್ಲಿ ಈ ಭಾಗಕ್ಕೆ ದೊಡ್ಡ ಪಾತ್ರವಿದೆ.

ನಮ್ಮ ಕಣ್ಣಿಗೆ ಹಿಂದೆ ಬರುವ ಲಾರಿ ಕಾಣುವುದಿಲ್ಲ. ಕಿವಿಗೆ ಕೇಳುತ್ತದೆ. ಎಡಗಿವಿಗೂ ಬಲಗಿವಿಗೂ ಶಬ್ದ ತಲುಪುವ ಸಮಯದಲ್ಲಿ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ವ್ಯತ್ಯಾಸ ಇರುತ್ತದೆ, ಅಷ್ಟರಿಂದಲೇ ಮಿದುಳು ದಿಕ್ಕು ಗುರುತಿಸುತ್ತದೆ, ಕಣ್ಣನ್ನು ಅಲ್ಲಿಗೆ ಕಳಿಸುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೆದ್ದಾರಿಯ ಅಂಚಿನಲ್ಲಿ ನಡೆಯುವವರು, ಬೈಕ್ ಓಡಿಸುವವರು ಕಿವಿಯನ್ನು ಮಾತ್ರ ಮುಚ್ಚಿದ್ದೇವೆ ಎಂದುಕೊಳ್ಳುತ್ತಾರೆ. ಕಣ್ಣಿಗೆ ದಾರಿ ತೋರಿಸುವವನನ್ನೂ ಅವರು ಕಳಿಸಿಬಿಟ್ಟಿರುತ್ತಾರೆ. "ನಾನು ನೋಡಿಕೊಂಡೇ ಹೋಗುತ್ತೇನೆ" ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಬಹಳ ಹಳೆಯ ಪ್ರಶ್ನೆ

ಸಕ್ಕರೆ ಬಿಳುಪು ಎಂದು ಕಣ್ಣಿಗೆ ಗೊತ್ತು, ಸಿಹಿ ಎಂದು ನಾಲಿಗೆಗೆ ಗೊತ್ತು. ಬಿಳಿಯಾದದ್ದೇ ಸಿಹಿಯಾದದ್ದು ಎಂದು ಯಾರಿಗೆ ಗೊತ್ತು? ಇಂಥ ಪ್ರಶ್ನೆಯನ್ನು ಗ್ರೀಸಿನ ಅರಿಸ್ಟಾಟಲ್ ಎತ್ತಿದ್ದ. ಇಬ್ನ್ ಸೀನಾ (980–1037) ಅದನ್ನು ಮುಂದುವರಿಸಿ, ಎಲ್ಲ ಇಂದ್ರಿಯಗಳ ಸುದ್ದಿ ಬಂದು ಸೇರುವ ಒಂದು ಶಕ್ತಿ ಮಿದುಳಿನೊಳಗೆ ಇದೆ ಎಂದು ವಾದಿಸಿದರು. ಅದನ್ನು ಹಿಸ್ಸೆ ಮುಶ್ತರಕ್ ಎನ್ನುತ್ತಾರೆ; ಎಲ್ಲಕ್ಕೂ ಸಾಮಾನ್ಯವಾದ ಇಂದ್ರಿಯ ಎಂದರ್ಥ. ಅದಕ್ಕೆ ಅವರು ಕೊಟ್ಟ ಆಧಾರ ಮಳೆಹನಿ. ಬೀಳುವ ಹನಿ ಯಾವುದೇ ಕ್ಷಣದಲ್ಲಿ ಒಂದೇ ಜಾಗದಲ್ಲಿ ಇರುತ್ತದೆ, ಆದರೆ ನಮಗೆ ಗೆರೆಯಂತೆ ಕಾಣುತ್ತದೆ. ಹಿಂದಿನ ಕ್ಷಣವನ್ನೂ ಈಗಿನ ಕ್ಷಣವನ್ನೂ ಸೇರಿಸುವ ಏನೋ ಒಂದು ಒಳಗೆ ಇರಲೇಬೇಕು ಎಂದರು. ಅದೇ ಕಾಲದ ಇಬ್ನುಲ್ ಹೈಥಮ್ ತಮ್ಮ ಕಿತಾಬುಲ್ ಮನಾಝಿರ್ ಗ್ರಂಥದಲ್ಲಿ, ನೋಡುವ ಕೆಲಸ ಕಣ್ಣಿನಲ್ಲಿ ಮುಗಿಯುವುದಿಲ್ಲ, ನೆನಪಿನೊಂದಿಗೆ ಹೋಲಿಸಿ ತೀರ್ಮಾನಿಸುವ ಕೆಲಸ ನಮಗೆ ತಿಳಿಯದಷ್ಟು ಬೇಗ ನಡೆದುಹೋಗುತ್ತದೆ ಎಂದು ವಿವರಿಸಿದರು.

ಎಲ್ಲವನ್ನೂ ನಮ್ಮ ಹಿಂದಿನವರೇ ಕಂಡುಹಿಡಿದಿದ್ದರು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಇಬ್ನ್ ಸೀನಾ ಆ ಶಕ್ತಿಗೆ ಮಿದುಳಿನ ಮುಂಭಾಗದ ಕುಹರದಲ್ಲಿ ಜಾಗ ಕೊಟ್ಟರು. ಆ ಕೆಲಸ ಮಿದುಳಿನ ಅನೇಕ ಕಡೆ ನಡೆಯುತ್ತದೆ ಎಂದು ಇಂದು ಗೊತ್ತಾಗಿದೆ. ಅವರ ಉತ್ತರ ಹಳತಾಯಿತು, ಅವರ ಪ್ರಶ್ನೆ ಹಳತಾಗಲಿಲ್ಲ. ಅವರಿಬ್ಬರ ಹೆಸರನ್ನು ನಾವು ಭಾಷಣಗಳಲ್ಲಿ ಬಹಳ ಸಲ ಕೇಳಿದ್ದೇವೆ. ಮಳೆಹನಿ ನೋಡಿ ಅವರಂತೆ "ಇದು ಗೆರೆಯಾಗಿ ಏಕೆ ಕಾಣುತ್ತದೆ?" ಎಂದು ಕೇಳುವುದನ್ನು ಕಲಿತರೆ ಅವರಿಗೆ ಕೊಟ್ಟ ಗೌರವ ದೊಡ್ಡದಾಗುತ್ತದೆ.

ಚಿಕ್ಕಂದಿನಲ್ಲೇ ಆಗಬೇಕಾದ ಕಲಿಕೆ

ಇಂದ್ರಿಯಗಳನ್ನು ಸೇರಿಸುವ ಈ ಶಕ್ತಿ ಹುಟ್ಟಿನಿಂದಲೇ ಪೂರ್ತಿಯಾಗಿ ಬರುತ್ತದೆಯೇ? ಹುಟ್ಟು ಕುರುಡನಿಗೆ ದೃಷ್ಟಿ ಬಂದರೆ, ಕೈಯಿಂದ ಮುಟ್ಟಿ ಗೊತ್ತಿದ್ದ ಗೋಲವನ್ನೂ ಘನವನ್ನೂ ನೋಡಿದ ಕೂಡಲೇ ಗುರುತಿಸುವನೇ ಎಂದು 1688ರಲ್ಲಿ ಐರ್ಲೆಂಡಿನ ಮೊಲಿನೊ ಪತ್ರ ಬರೆದು ಕೇಳಿದ್ದ. ಉತ್ತರಕ್ಕೆ ಒಂದು ದೊಡ್ಡ ಆಧಾರ ಸಿಕ್ಕಿದ್ದು ನಮ್ಮ ದೇಶದಲ್ಲಿ. ಅಮೆರಿಕದ ಎಂಐಟಿಯಲ್ಲಿರುವ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಯೋಜನೆಯಲ್ಲಿ, ಹುಟ್ಟಿನಿಂದ ಕಣ್ಣು ಕಾಣದ ಬಡ ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರು. 8ರಿಂದ 17 ವರ್ಷದ ಐದು ಮಕ್ಕಳ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮುಟ್ಟಿದ ವಸ್ತುವನ್ನು ನೋಡಿ ಗುರುತಿಸಲು ಅವರಿಗೆ ಮೊದಲು ಆಗಲಿಲ್ಲ. ಕೆಲವೇ ದಿನಗಳ ನಂತರ ಮತ್ತೆ ಪರೀಕ್ಷಿಸಿದ ಮಕ್ಕಳು ಬಹಳ ಸುಧಾರಿಸಿದ್ದರು. ಎಂದರೆ ಕಣ್ಣು ಮತ್ತು ಕೈ ಜೊತೆಗೂಡುವುದು ಅನುಭವದಿಂದ ಬರುವ ಕಲಿಕೆ.

ಕಿವಿಯ ವಿಷಯದಲ್ಲಿ ಈ ಕಲಿಕೆಗೆ ವಯಸ್ಸು ಮುಖ್ಯ. ಹುಟ್ಟು ಕಿವುಡ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ ಮೇಲೆ, ಮೇಲೆ ಹೇಳಿದ "ಬ–ಗ–ದ" ಮಾದರಿಯ ಪರೀಕ್ಷೆಯನ್ನು ಅಮೆರಿಕದ ಸಂಶೋಧಕರು ಮಾಡಿ 2005ರಲ್ಲಿ ಪ್ರಕಟಿಸಿದರು. ಕಣ್ಣು ಕಿವಿ ಎರಡನ್ನೂ ಚೆನ್ನಾಗಿ ಬೆರೆಸಿದ ಮಕ್ಕಳು ಎರಡೂವರೆ ವರ್ಷಕ್ಕೆ ಮೊದಲೇ ಇಂಪ್ಲಾಂಟ್ ಪಡೆದವರು. ತಡವಾದವರು ಹೆಚ್ಚಾಗಿ ಕಣ್ಣನ್ನೇ ನಂಬಿದರು. ನಮ್ಮ ಕಡೆ ಮಗು ಮಾತಾಡದಿದ್ದರೆ "ಅವನಪ್ಪನೂ ತಡವಾಗಿಯೇ ಮಾತಾಡಿದ್ದು, ಬಿಡಿ" ಎನ್ನುವವರಿದ್ದಾರೆ. ಹಾಗೆ ಬಿಟ್ಟ ಒಂದೊಂದು ವರ್ಷವೂ ಮರಳಿ ಬರುವುದಿಲ್ಲ. ಹುಟ್ಟಿದ ಮಗುವಿನ ಕಿವಿಯನ್ನು ನೋವಿಲ್ಲದೆ ಕೆಲವೇ ನಿಮಿಷದಲ್ಲಿ ತಪಾಸಣೆ ಮಾಡಬಹುದು. ದೂರ ಹೋಗಬೇಕಾಗಿಲ್ಲ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಪಕ್ಕದ ಮೈಸೂರಿನಲ್ಲೇ ಇದೆ. ಅಂಗನವಾಡಿ ಮತ್ತು ಶಾಲಾ ಮಕ್ಕಳಿಗಾಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ನಮ್ಮ ಮನೆಯಲ್ಲಿ, ಬೀದಿಯಲ್ಲಿ ಸದ್ದಿಗೆ ತಿರುಗದ ಪುಟ್ಟ ಮಗು ಇದ್ದರೆ ಆ ತಾಯಿಗೆ ಈ ಮಾತು ಹೇಳುವಷ್ಟು ಜ್ಞಾನ ಒಬ್ಬ ಪಿಯುಸಿ ವಿದ್ಯಾರ್ಥಿಗೆ ಇರಬೇಡವೇ? ನಮ್ಮಲ್ಲಿ ಎಲ್ಲರಿಗೂ ಎಂಬಿಬಿಎಸ್ ಸೀಟು ಸಿಗುವುದಿಲ್ಲ. ವಾಕ್ ಮತ್ತು ಶ್ರವಣ ವಿಷಯದಲ್ಲಿ ಪದವಿ ಮಾಡಲು ಅದೇ ಮೈಸೂರಿನ ಸಂಸ್ಥೆಯಲ್ಲಿ ಅವಕಾಶವಿದೆ ಎಂಬುದೂ ವಿಜ್ಞಾನ ವಿಭಾಗದವರಿಗೆ ಗೊತ್ತಿರಲಿ.

ಒಂದು ಶನಿವಾರ ಸಾಕು

"ನೀಟ್, ಸಿಇಟಿ ಸಿದ್ಧತೆಗೇ ಸಮಯವಿಲ್ಲ, ಅಂಕವಿಲ್ಲದ ಪಾಠ ಯಾಕೆ?" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ನಾನು ಕೇಳುತ್ತಿರುವುದು ಒಂದು ಶನಿವಾರದ ಎರಡು ಗಂಟೆ. "ಯೂಟ್ಯೂಬ್‌ನಲ್ಲಿ ಎಲ್ಲ ಇದೆ" ಎನ್ನುವವರಿಗೆ, ಒಂಟಿಕಾಲಲ್ಲಿ ನಿಲ್ಲುವವರ ವಿಡಿಯೊ ನೋಡಿದರೆ ನಮ್ಮ ದೇಹ ವಾಲುವುದಿಲ್ಲ. ಮಾಡಿದರೆ ಮಾತ್ರ ತಿಳಿಯುವ ಪಾಠ ಇದು.

ನಾಲ್ಕು ಮೇಜು ಸಾಕು. ಮೊದಲನೆಯದರ ಬಳಿ ಒಂಟಿಕಾಲಿನ ಪರೀಕ್ಷೆ. ಪಕ್ಕದಲ್ಲಿ ಹಿಡಿಯಲು ಒಬ್ಬರು ಇರಲಿ, ಕಣ್ಣು ತೆರೆದಾಗ ಎಷ್ಟು ಸೆಕೆಂಡ್, ಮುಚ್ಚಿದಾಗ ಎಷ್ಟು ಎಂದು ಬರೆದುಕೊಳ್ಳೋಣ. ಎರಡನೆಯದರಲ್ಲಿ ನಾವೇ ಮೊಬೈಲಿನಲ್ಲಿ ಚಿತ್ರಿಸಿದ "ಬ–ಗ" ವಿಡಿಯೊ. ಎಷ್ಟು ಜನರಿಗೆ "ದ" ಕೇಳಿಸಿತು ನೋಡೋಣ. ಮೂರನೆಯದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಚಮಚದ ಸದ್ದು ಯಾವ ಕಡೆಯಿಂದ ಬಂತು ಎಂದು ಮೊದಲು ಎರಡು ಕಿವಿಯಿಂದ, ಆಮೇಲೆ ಒಂದನ್ನು ಮುಚ್ಚಿಕೊಂಡು ಹೇಳುವುದು. ನಾಲ್ಕನೆಯದರಲ್ಲಿ ಮೂಗು ಹಿಡಿದುಕೊಂಡು ಏಲಕ್ಕಿ ಪೆಪ್ಪರ್‌ಮೆಂಟ್ ಚಪ್ಪರಿಸುವುದು. ಸಿಹಿ ಮಾತ್ರ ಗೊತ್ತಾಗುತ್ತದೆ. ಮೂಗು ಬಿಟ್ಟ ಕೂಡಲೇ ಏಲಕ್ಕಿ ಬರುತ್ತದೆ. ನೆಗಡಿಯಾದಾಗ ಬಿರಿಯಾನಿ ಸಪ್ಪೆಯಾಗುವುದು ಏಕೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಬಂದ ಅಂಕಿಗಳ ಸರಾಸರಿ ತೆಗೆದು ಗ್ರಾಫ್ ಮಾಡುವ ಕೆಲಸ ಸ್ಟಾಟಿಸ್ಟಿಕ್ಸ್ ಓದುವ ವಾಣಿಜ್ಯ ವಿಭಾಗದವರದು. ಕಲಾ ವಿಭಾಗದವರು ಅದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಸರಳವಾಗಿ ಬರೆದರೆ ಮನೆಯವರಿಗೂ ಓದಿಸಬಹುದು. ಮುಂದಿನ ಸಂಚಿಕೆಯಲ್ಲಿ ನಮ್ಮದೇ ಕಾಲೇಜಿನ ಅಂಕಿಗಳು ಪ್ರಕಟವಾಗಲಿ. ಪ್ರಾಂಶುಪಾಲರೂ ಜೀವಶಾಸ್ತ್ರ ವಿಭಾಗದವರೂ ಒಪ್ಪಿ ದಿನ ಗೊತ್ತು ಮಾಡಿದರೆ ಮೇಜು ಜೋಡಿಸುವ, ವಿಡಿಯೊ ಮಾಡುವ, ಪೆಪ್ಪರ್‌ಮೆಂಟ್ ತರುವ ಕೆಲಸ ನಮ್ಮದು. ನನ್ನ ಜೊತೆ ಸೇರಲು ಇಷ್ಟವಿರುವವರು ಜೀವಶಾಸ್ತ್ರ ಲ್ಯಾಬಿನ ಬಾಗಿಲ ಬಳಿ ಹಾಳೆಯಲ್ಲಿ ಹೆಸರು ಬರೆಯಿರಿ. ಇನ್‌ಶಾ ಅಲ್ಲಾಹ್, ಅರ್ಧವಾರ್ಷಿಕ ಪರೀಕ್ಷೆಗೆ ಮೊದಲೇ ಮಾಡಿ ಮುಗಿಸೋಣ.